ಆ ಕೆಂಪು ದೀಪಕ್ಕೆ ಸ್ವಲ್ಪ ಮರ್ಯಾದೆ ಕೊಡಿ

ನಿಮ್ಮ ಹತ್ರ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಅಲ್ವಾ? ಮದರಾಸಲ್ಲೇ ಹುಟ್ಟಿದ ಕಾರು, ಜಂಬ ಪಡಿ, ತಪ್ಪಿಲ್ಲ. (ಮನೆಯವರು ಏನಂತಾರೆ ಅನ್ನೋದು ಇಲ್ಲಿ ಬೇಡ.) ಆದ್ರೆ ಸಂಜೆ ಹೊತ್ತು ಕೋಡಂಬಾಕ್ಕಂ ಸೇತುವೆ ಮೇಲೆ ಸಿಕ್ಕಿಹಾಕ್ಕೊಂಡಾಗ ಹೆಡ್‌ಲೈಟ್ ಮಂಕಾಗಿ ಹಾರ್ನಿಗೆ ನೆಗಡಿ ಬರತ್ತಲ್ಲ, ಆಗ ಯಾರನ್ನ ಬೈತೀರಿ? ಬ್ಯಾಟರೀನ! ಹೋದ ದೀಪಾವಳಿಗೆ ತಂದ ಹೊಸಾ ಬ್ಯಾಟರೀನ!

ಆರ್ಕಾಟ್ ರೋಡಲ್ಲಿ ಗಾಡಿ ನಿಂತೇಬಿಡ್ತು ಅನ್ನಿ. ಅದೂ ಎಲ್ಲಿ? ಪವರ್ ಹೌಸ್ ಸ್ಟಾಪಲ್ಲಿ. ತಳ್ಳೋಕೆ ಬಂದ ಆಟೋದವರೆಲ್ಲ ‘ಬ್ಯಾಟರಿ ಪೋಚ್ಚು ಸಾರ್’ ಅಂದ್ರು. ನೀವೂ ಗಂಭೀರವಾಗಿ ತಲೆ ಆಡಿಸಿದ್ರಿ.

ತಪ್ಪು ಬ್ಯಾಟರೀನ ಚಾರ್ಜ್ ಮಾಡೋ ಡೈನಮೋದ್ದು ಸ್ವಾಮೀ. ಎಂಜಿನ್ ಐಡಲಲ್ಲಿದ್ರೆ ಅದು ಹೆಚ್ಚುಕಮ್ಮಿ ನಿದ್ದೆ. ಓಡಿದ್ರೂ ಕೊಡೋದು 20 ಚಿಲ್ಲರೆ ಆಂಪ್. ನಮ್ಮ ರಾಜ್‌ಕುಮಾರ್ ಮದರಾಸಲ್ಲೇ ಇದ್ದು ಸ್ಟುಡಿಯೋಗೆ ಹೋಗ್ತಿದ್ದ ಕಾಲದ ಖಾಲಿ ರೋಡಿಗೆ ಅಷ್ಟು ಸಾಕಿತ್ತು. ನೀವೋ ಸ್ಟೀರಿಯೋ, ಫ್ಯಾನು, ಹ್ಯಾಲೊಜೆನ್ನು, ಫೋನ್ ಚಾರ್ಜರು ಎಲ್ಲಾನೂ ಅದರ ತಲೆಗೇ ಕಟ್ಟಿದೀರಿ.

ಕೊನೆಗೆ ಡೈನಮೋ ಬದಲಿಗೆ ಆಲ್ಟರ್ನೇಟರ್ ತಂದ್ರಿ. (ಅದನ್ನ ಮಾಡೋ ಲೂಕಾಸ್ ಟಿವಿಎಸ್ ಇರೋದೂ ಇಲ್ಲೇ, ಪಾಡೀಲಿ.) ರೆಗ್ಯುಲೇಟರ್ ಒಳಗೇ ಇರೋ ಮಾಲು, ಹಳೇ ಡಬ್ಬಿಗೆ ಇನ್ನು ಕೆಲಸ ಇಲ್ಲ. ವೈರಿಂಗ್ ಎಷ್ಟು? ಬಿ ಪ್ಲಸ್‌ನಿಂದ ಬ್ಯಾಟರಿಗೆ ಒಂದು ದಪ್ಪ ವೈರು, ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪಕ್ಕೆ ಒಂದು ಸಣ್ಣ ವೈರು, ಬಾಡಿಗೆ ಗಟ್ಟಿ ಅರ್ತು. ‘ಇಷ್ಟೇನಾ!’ ಅಂತ, ಕಲಿಯೋಕೆ ನೋಡ್ತಿದ್ದ ವೀಡಿಯೊನ ಅರ್ಧಕ್ಕೇ ನಿಲ್ಲಿಸಿದ್ರಿ. ಹೌದೋ ಅಲ್ವೋ?

ಉಳಿದರ್ಧದಲ್ಲಿ ಇದ್ದದ್ದೇ ಆ ದೀಪದ ಕಥೆ. ಅದನ್ನ ನೀವು ಅಲಂಕಾರ ಅಂದ್ಕೊಂಡಿದೀರಿ. ಬಲ್ಬ್ ಸುಟ್ಟು ಯಾವ ಕಾಲ ಆಯ್ತೋ, ‘ಒಳ್ಳೇದೇ ಆಯ್ತು, ಕಣ್ಣಿಗೆ ಚುಚ್ಚಲ್ಲ’ ಅಂತ ಸುಮ್ನಿದೀರಿ. ಇಗ್ನಿಷನ್ ತಿರುಗಿಸಿದಾಗ ಆ ಎರಡು ವ್ಯಾಟಿನ ಬಲ್ಬಿನ ಮೂಲಕ ಹರಿಯೋ ಕರೆಂಟೇ ಒಳಗಿನ ರೋಟರನ್ನ ಆಯಸ್ಕಾಂತ ಮಾಡೋದು. ಬಲ್ಬ್ ಇಲ್ಲಾಂದ್ರೆ ಎಷ್ಟೋ ಆಲ್ಟರ್ನೇಟರ್ ಏಳೋದೇ ಇಲ್ಲ. ಎಲ್‌ಇಡಿ ಹಾಕಿ ಜಾಣ ಅನ್ನಿಸ್ಕೊಂಡ್ರಾ? ಅದು ಬಿಡೋ ಕರೆಂಟು ಇದಕ್ಕೆ ಸಾಲಲ್ಲ. ತೆಗೀರಿ.

ದಪ್ಪ ವೈರ್ ಅಂದ್ರೆ ನಿಜವಾಗ್ಲೂ ದಪ್ಪ ವೈರ್. 35 ಆಂಪಿನ ಆಲ್ಟರ್ನೇಟರಿಗೆ ಹಳೇ ಡೈನಮೋ ವೈರನ್ನೇ ಸುತ್ತಿ ಟೇಪ್ ಹಾಕಿದ್ರೆ ಬಾನೆಟ್ಟಿಂದ ಹೊಗೆ ಬರತ್ತೆ, ಅದೂ ಸ್ಪೆಷಲ್ ಎಫೆಕ್ಟ್ ಅಲ್ಲ. ನಿಮ್ಮ ಗಾಡಿ ಪಾಸಿಟಿವ್ ಅರ್ತೋ ನೆಗೆಟಿವ್ ಅರ್ತೋ, ಅದನ್ನೂ ನೋಡಿದೀರಾ? ಉಲ್ಟಾ ಕೊಟ್ರೆ ಡಯೋಡುಗಳು ಆ ಕ್ಷಣಕ್ಕೇ ಢಮಾರ್.

ಎಂಜಿನ್ ಓಡ್ತಿರುವಾಗ ಬ್ಯಾಟರಿ ಕಳಚಿ ‘ಚಾರ್ಜ್ ಆಗ್ತಿದೆಯಾ’ ಅಂತ ಪರೀಕ್ಷೆ ಮಾಡೋ ಹಳೇ ಚಟ ಬಿಡಿ. ಒಂದು ಮಲ್ಟಿಮೀಟರ್ ತಗೊಳ್ಳಿ. ಬ್ಯಾಟರಿ ಮೇಲೆ 14 ವೋಲ್ಟಿನ ಆಸುಪಾಸು ಬಂದ್ರೆ ಕೆಲಸ ಮುಗೀತು. ಮತ್ತೆ ಸ್ಪ್ಯಾನರ್ ಮುಟ್ಟೋಕೆ ಮುಂಚೆ, ದಯವಿಟ್ಟು, ಅರ್ತ್ ವೈರನ್ನ ಬ್ಯಾಟರಿಯಿಂದ ಬಿಚ್ಚಿಟ್ಕೊಳ್ಳಿ.