ಹದಿನಾಲ್ಕು ಕೋಲಿನ ಯಾತ್ರಿಕ

ಬೆಂಗಳೂರಿನಿಂದ ಬ್ಯಾಂಕಾಕಿಗೋ ಫುಕೆಟ್ಟಿಗೋ ಹೊರಡುವ ವಿಮಾನದ ಸಾಲಿನಲ್ಲಿ ಗಾಲ್ಫ್ ರಾಯರನ್ನು ಗುರುತಿಸಲು ಬ್ಯಾಗನ್ನೇ ನೋಡಬೇಕೆಂದಿಲ್ಲ, ಕೈ ನೋಡಿದರೂ ಸಾಕು. ಬಲಗೈ ಬಿಸಿಲು ಕುಡಿದು ಕಪ್ಪಾಗಿದೆ. ಎಡಗೈ ವರ್ಷಗಟ್ಟಲೆ ಗ್ಲೌಸಿನೊಳಗೇ ಸಂಸಾರ ಮಾಡಿದ್ದರಿಂದ ಬೆಳ್ಳಗೆ ಉಳಿದಿದೆ. ವಯಸ್ಸು ಐವತ್ತು ದಾಟಿದೆ. ಕಂಪನಿಯಲ್ಲಿ ದೊಡ್ಡ ಹುದ್ದೆ, ಇಲ್ಲವೇ ದೊಡ್ಡ ಹುದ್ದೆಯಿಂದ ಇತ್ತೀಚೆಗೆ ದೊರೆತ ಬಿಡುಗಡೆ. ಹಿಂದೆ ಇದೇ ವೇಷದ ಇನ್ನೂ ಮೂವರು, ಏಕೆಂದರೆ ಈ ಜಾತಿ ವಲಸೆ ಹೋಗುವುದು ನಾಲ್ಕರ ಗುಂಪಿನಲ್ಲಿ. 2023ರ ನವೆಂಬರಿನಲ್ಲಿ ಥಾಯ್ಲೆಂಡು ಭಾರತೀಯರಿಗೆ ವೀಸಾ ಬೇಡವೆಂದ ಮೇಲೆ ವಲಸೆಯ ದಾರಿ ಇನ್ನಷ್ಟು ಸಲೀಸಾಯಿತು. ಪ್ರಶ್ನೆ ಇಷ್ಟೆ: ಕಾರ್ಡಿನ ಬಿಲ್ಲಿನಲ್ಲಿ ನಲವತ್ತು ರೂಪಾಯಿ ಹೆಚ್ಚು ಬಿದ್ದರೆ ಬ್ಯಾಂಕಿಗೆ ಮೂರು ಸಲ ಫೋನು ಮಾಡುವ ಈ ಮನುಷ್ಯ, ಹೋದ ಕಡೆಯಲ್ಲೆಲ್ಲ ಬಾಡಿಗೆಗೆ ಸೆಟ್ಟು ಸಿಗುವಾಗ, ಹದಿನೈದು ಕಿಲೋ ಉಕ್ಕು, ರಬ್ಬರು, ಗ್ರಾಫೈಟನ್ನು ಸಮುದ್ರ ದಾಟಿಸುವುದೇಕೆ? ಡೌಲಿಗೆ ಎನ್ನುವುದು ಸುಲಭದ ಉತ್ತರ. ನನ್ನ ವಾದ ಬೇರೆ. ರಾಯರಿಗೆ ಬೇಕಾಗಿರುವುದು ಸಾಕ್ಷಿ. ಊರಿನಲ್ಲಿ ತಾವು ಹೊಡೆದ ಚೆಂಡು ಅಷ್ಟು ದೂರ ಹೋದದ್ದು ನಿಜ, ತಮ್ಮ ಹ್ಯಾಂಡಿಕ್ಯಾಪು, ಅಂದರೆ ಆಟದ ಮಟ್ಟ ಹೇಳುವ ಅಂಕಿ, ಹದಿನೆಂಟೆಂಬುದು ನಿಜ ಎಂದು ಹೇಳಬಲ್ಲ ಸಾಕ್ಷಿಗಳನ್ನು ಅವರು ಸ್ವಂತ ಖರ್ಚಿನಲ್ಲಿ ಪರದೇಶಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ, ಸಮುದ್ರಮಟ್ಟದಲ್ಲಿ, ಸಾಕ್ಷಿಗಳು ಒಂದೊಂದಾಗಿ ತಿರುಗಿಬೀಳುತ್ತವೆ.

ಮೊದಲು ಬ್ಯಾಗಿನ ಸಮಾಚಾರ. ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದು ವಿಮಾನ ಹತ್ತುವಂತಿಲ್ಲ. ನಮ್ಮ ಭದ್ರತಾ ಪಟ್ಟಿಯಲ್ಲಿ ಅದು ಕ್ರಿಕೆಟ್ ಬ್ಯಾಟು, ಹಾಕಿ ಸ್ಟಿಕ್ಕುಗಳ ಜೊತೆಗೆ, ಅಂದರೆ ಇನ್ನೊಬ್ಬರ ತಲೆ ಒಡೆಯಬಲ್ಲ ಸಾಮಾನುಗಳ ಸಾಲಿನಲ್ಲಿದೆ. (ರಾಯರು ಬೀಸಿದಾಗ ನೆಲದ ಮೇಲೆ ಅಲ್ಲಾಡದೆ ಕೂತ ಚೆಂಡಿಗೇ ಸರಿಯಾಗಿ ತಗಲದ ಕೋಲು ಓಡಾಡುವ ತಲೆಗೆ ತಗಲೀತೆಂಬ ಭಯ ಸ್ವಲ್ಪ ಅತಿಯಾಯಿತು, ಆದರೆ ಭದ್ರತೆಯವರು ಅವರ ಆಟ ನೋಡಿದವರಲ್ಲ.) ಹಾಗಾಗಿ ಬ್ಯಾಗು ವಿಮಾನದ ಹೊಟ್ಟೆಗೇ ಹೋಗಬೇಕು. ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರು ಮೀರಬಾರದೆಂಬುದು ಅನೇಕ ವಿಮಾನ ಕಂಪನಿಗಳ ಲೆಕ್ಕ. ಡ್ರೈವರ್ ಎಂಬ ಅತಿ ಉದ್ದದ ಕೋಲೊಂದೇ ಸುಮಾರು 114 ಸೆಂಟಿಮೀಟರು. ಕೆಲವರು ಕ್ರೀಡಾ ಸಾಮಗ್ರಿಯೆಂದು ಬೇರೆ ಶುಲ್ಕ ಕೇಳುತ್ತಾರೆ, ಕೆಲವರು ತೂಕ ಮಿತಿಯೊಳಗಿದ್ದರೆ ಸುಮ್ಮನಾಗುತ್ತಾರೆ. ಕೌಂಟರಿನ ಬೆಲ್ಟಿನ ಮೇಲೆ ಮಲಗಲೊಪ್ಪದ ಬ್ಯಾಗನ್ನು ದೊಡ್ಡ ಸಾಮಾನಿನ ಬಾಗಿಲಿಗೆ ರಾಯರೇ ಎಳೆದುಕೊಂಡು ಹೋಗಿ ಒಪ್ಪಿಸಬೇಕು. ಒಪ್ಪಿಸುವ ಮೊದಲಿನ ಸಿದ್ಧತೆಯಂತೂ ಒಂದು ವ್ರತವೇ. ಡ್ರೈವರಿನ ತಲೆಯನ್ನು ಪುಟ್ಟ ಸ್ಪ್ಯಾನರಿನಿಂದ ಬಿಚ್ಚಿ ಕಾಲುಚೀಲದಲ್ಲಿ ಸುತ್ತುವುದು. ಎಲ್ಲ ಕೋಲಿಗಿಂತ ಎತ್ತರಕ್ಕೆ ಒಂದು ಗಟ್ಟಿ ಊರುಗೋಲು ನಿಲ್ಲಿಸಿ, ಬ್ಯಾಗು ತಲೆಕೆಳಗಾಗಿ ಬಿದ್ದರೆ ಪೆಟ್ಟು ಅದಕ್ಕೇ ಬೀಳುವಂತೆ ನೋಡಿಕೊಳ್ಳುವುದು. ಸಂದಿಗೊಂದಿಗಳಿಗೆ ಟವೆಲ್ಲು, ಬನಿಯನ್ನು ತುರುಕುವುದು. ಇಷ್ಟಾದ ಮೇಲೆ ಮನೆಯವರು ಬಂದು, "ಅಷ್ಟು ದೊಡ್ಡ ಬ್ಯಾಗಲ್ಲಿ ಬರೀ ಕೋಲಾ? ಇದನ್ನೂ ಇಟ್ಕೊಳ್ಳಿ" ಎಂದು ಶೂ ಇಡುವ ಜೇಬಿನಲ್ಲಿ ಚಟ್ನಿಪುಡಿ, ಕೋಡುಬಳೆಗೆ ಜಾಗ ಮಾಡುತ್ತಾರೆ. ಕೊನೆಗೆ ಒಂದು ಏರ್‌ಟ್ಯಾಗು. ವಿಮಾನ ನೆಲ ಮುಟ್ಟಿದೊಡನೆ ರಾಯರು ಫೋನು ತೆಗೆದರೆ ಅದು ತಲುಪಿದೆನೆಂದು ಮನೆಗೆ ಹೇಳಲು ಅಲ್ಲ, ಬ್ಯಾಗು ತಲುಪಿತೇ ಎಂದು ನೋಡಲು.

ಕೋಲಿನ ಲೆಕ್ಕಕ್ಕೂ ಒಂದು ಇತಿಹಾಸವಿದೆ. 1930ರ ದಶಕದಲ್ಲಿ ದೊಡ್ಡ ಆಟಗಾರರು ಎರಡು ಡಜನಿಗೂ ಮಿಕ್ಕಿ ಕೋಲು ಹೊರಿಸಿಕೊಂಡು ಓಡಾಡತೊಡಗಿದಾಗ, 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಯೂ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಹಿರಿಯರೂ ಹದಿನಾಲ್ಕಕ್ಕಿಂತ ಹೆಚ್ಚು ಕೂಡದೆಂದು ನಿಯಮ ಮಾಡಿದರು. ಹೆಚ್ಚು ಕೂಡದೆಂದರು, ಕಡಿಮೆ ಕೂಡದೆಂದು ಯಾರೂ ಹೇಳಲಿಲ್ಲ. ಐದು ಕೋಲಿನಲ್ಲಿ ಆಡಿದರೂ ಅದು ಶಾಸ್ತ್ರೋಕ್ತ ಗಾಲ್ಫೇ. ರಾಯರು ಮಾತ್ರ ಹದಿನಾಲ್ಕಕ್ಕೆ ಒಂದು ಕಡಿಮೆಯಾದರೂ ವಿಮಾನ ಹತ್ತುವವರಲ್ಲ. ಒಂದು ಸುತ್ತಿನಲ್ಲಿ ಅವರು ಧೈರ್ಯವಾಗಿ ಹೊರತೆಗೆಯುವುದು ಐದಾರನ್ನು. 3 ನಂಬರಿನ ಐರನ್ ಎಂಬ ಕೋಲನ್ನು ಮುಟ್ಟಿ ಯಾವ ಕಾಲವಾಯಿತೋ. ಅದು ಪ್ರತಿವರ್ಷ ಫುಕೆಟ್ಟಿಗೆ ಹೋಗಿ, ಚೆಂಡಿನ ಮುಖ ನೋಡದೆ, ಸುಖವಾಗಿ ಹಿಂದಿರುಗುತ್ತದೆ. ಆಟದ ಅನುಕೂಲವೇ ಕಾರಣವಾಗಿದ್ದರೆ ಬ್ಯಾಗಿನ ತೂಕ ಎಂದೋ ಅರ್ಧವಾಗಬೇಕಿತ್ತು.

ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಕೋಲನ್ನು ಆಟಗಾರನ ಮೈಯಳತೆಗೆ ಹೊಂದಿಸುತ್ತಾರೆ: ಕಾಂಡದ ಉದ್ದ, ಅದರ ಬಾಗು, ಹಿಡಿಯ ದಪ್ಪ, ತಲೆಯ ಓರೆ. ಇನ್ನೊಬ್ಬನ ಅಳತೆಯ ಕೋಲಿನಲ್ಲಿ ಆಡಿದರೆ ಚೆಂಡು ಬೇರೆ ದಾರಿ ಹಿಡಿಯುತ್ತದೆ. ಸರಿಯೇ. ಆದರೆ ಆ ಸೂಕ್ಷ್ಮದ ಫಲ ಕಾಣುವುದು ಒಂದೇ ಬೀಸನ್ನು ಹತ್ತಕ್ಕೆ ಎಂಟು ಸಲವಾದರೂ ಹಾಗೆಯೇ ಬೀಸಬಲ್ಲವನಿಗೆ. ಪ್ರತಿ ಬೀಸೂ ಹೊಸ ಅವತಾರವಾಗಿರುವ ರಾಯರಿಗೆ ಅರ್ಧ ಅಂಗುಲದ ಹೊಂದಾಣಿಕೆ ಏನು ಮಾಡೀತು? ಇದಕ್ಕೆ ಎದುರು ಪುರಾವೆ ನಮ್ಮೂರಿನಲ್ಲೇ ಇದೆ. ಬೆಂಗಳೂರಿನಲ್ಲಿ ಆಟಗಾರರ ಬ್ಯಾಗು ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಕಡೆಯ ಚಿಕ್ಕರಂಗಪ್ಪ ಚೆಂಡು ಹೆಕ್ಕುವ ಹುಡುಗನಾಗಿ ಮೈದಾನಕ್ಕೆ ಕಾಲಿಟ್ಟು ವೃತ್ತಿಪರ ಆಟಗಾರರಾದರು. ಈ ದೇಶದಲ್ಲಿ ಕ್ಯಾಡಿಗಳಾಗಿದ್ದು ಆಟಗಾರರಾದ ಅನೇಕರು ಕೈ ಪಳಗಿಸಿಕೊಂಡದ್ದು ಯಾರೋ ಬಿಸಾಕಿದ, ಯಾರಿಂದಲೋ ಕೇಳಿ ಪಡೆದ ಕೋಲುಗಳಿಂದಲೇ. ಹಾಗಾದರೆ ಬಾಡಿಗೆಯ ಕೋಲಿಗೆ ರಾಯರು ಹೆದರುವುದೇಕೆ? ಬಾಡಿಗೆಯ ಕೋಲು ಸಾಕ್ಷಿ ಹೇಳಲಾರದು. ಅದರಿಂದ ಚೆನ್ನಾಗಿ ಆಡಿದರೆ ಮೂವರು ಗೆಳೆಯರು "ಒಳ್ಳೇ ಸೆಟ್ಟು ಸಿಕ್ತು ನಿಮಗೆ" ಎನ್ನುತ್ತಾರೆ. ಕೆಟ್ಟದಾಗಿ ಆಡಿದರೆ "ಬಿಡಿ, ಬಾಡಿಗೇದಲ್ವಾ" ಎನ್ನುತ್ತಾರೆ. ಎರಡೂ ಸಲ ರಾಯರು ಲೆಕ್ಕಕ್ಕಿಲ್ಲ. ತಮ್ಮ ಅಂಕಿ ತಮ್ಮದೇ ಆಗಿರಬೇಕೆಂಬ ಹಟದಲ್ಲಿ ಒಂದು ಪ್ರಾಮಾಣಿಕತೆಯಿದೆ. ಡೌಲಿನವನಿಗೆ ಹೋಟೆಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಸಾಕು. ಬೆಳಗಿನ ಆರು ಗಂಟೆಗೆ ಎದ್ದು ನೂರಾ ಮೂರು ಹೊಡೆತಗಳನ್ನು ಕಾರ್ಡಿನಲ್ಲಿ ಬರೆದುಕೊಳ್ಳುವ ಗರಜು ಅವನಿಗಿಲ್ಲ.

ಈಗ ಸಾಕ್ಷಿ ತಿರುಗಿಬೀಳುವ ಬಗೆ. ರಾಯರು "ಉಷ್ಣವಲಯದಲ್ಲಿ ಆಡಿ ಬರ್ತೀವಿ" ಎಂದು ಹೊರಡುತ್ತಾರಲ್ಲ, ಬೆಂಗಳೂರು ಇರುವುದೂ ಉಷ್ಣವಲಯದಲ್ಲೇ. ನಮ್ಮೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ, ಥಾಯ್ಲೆಂಡಿನ ಹಳೆಯ ಗಾಲ್ಫ್ ಊರಾದ ಹುವಾ ಹಿನ್ ಇರುವುದು 12.6ರಲ್ಲಿ. ಎರಡೂವರೆ ಸಾವಿರ ಕಿಲೋಮೀಟರು ಹಾರಿ ಅವರು ಇಳಿಯುವುದು ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ. ವ್ಯತ್ಯಾಸ ಅಡ್ಡಕ್ಕಿಲ್ಲ, ಎತ್ತರಕ್ಕಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಅಲ್ಲಿ ಗಾಳಿ ತೆಳು, ಚೆಂಡಿಗೆ ಎದುರು ನಿಲ್ಲುವವರು ಕಡಿಮೆ. ಗಾಲ್ಫಿನವರ ರೂಢಿಯ ಲೆಕ್ಕದಲ್ಲಿ ಇಷ್ಟು ಎತ್ತರಕ್ಕೆ ನೂರಕ್ಕೆ ಮೂರೂವರೆಯಷ್ಟು ದೂರ ಹೆಚ್ಚು ಸಿಗುತ್ತದೆ. ಅಂದರೆ ರಾಯರು ವರ್ಷವಿಡೀ ತಮ್ಮ ತೋಳಿನದೆಂದು ತಿಳಿದ 220 ಗಜಗಳಲ್ಲಿ ಏಳೆಂಟು ಗಜ ದಖ್ಖನ್ ಪ್ರಸ್ಥಭೂಮಿಯದು. ಕಡಲ ದಂಡೆಯಲ್ಲಿ ಪ್ರಸ್ಥಭೂಮಿ ತನ್ನ ಪಾಲನ್ನು ವಾಪಸು ಪಡೆಯುತ್ತದೆ. ಅಲ್ಲಿನ ಬಿಸಿ ಗಾಳಿ ದಯೆ ತೋರಿ ಒಂದೆರಡು ಗಜ ಹಿಂದಿರುಗಿಸಬಹುದು, ಪೂರ್ತಿಯಲ್ಲ. ನಡುವೆ ಇರುವ ಕೆರೆ ದಾಟಬೇಕಾದ ಚೆಂಡಿಗೆ ಆ ಐದಾರು ಗಜವೇ ಜೀವ. ಚೆಂಡು ಮುಳುಗಿದ ಕೂಡಲೇ ರಾಯರು ಆಕಾಶ ನೋಡಿ, "ಏನ್ ಹ್ಯುಮಿಡಿಟಿ ಮಾರಾಯ್ರೆ, ಗಾಳಿ ಎಷ್ಟು ಭಾರವಾಗಿದೆ!" ಎನ್ನುತ್ತಾರೆ. ಗಾಳಿಯ ಮೇಲೆ ಇದು ಸುಳ್ಳು ಕೇಸು. ನೀರಾವಿಯ ಅಣುವಿನ ತೂಕ 18, ಸಾರಜನಕದ್ದು 28, ಆಮ್ಲಜನಕದ್ದು 32. ತೇವ ಹೆಚ್ಚಿದಷ್ಟೂ ಗಾಳಿ ಒಂದಿಷ್ಟು ಹಗುರವೇ ಆಗುತ್ತದೆ. ಭಾರವಾಗಿರುವುದು ರಾಯರ ಬೆವರಿದ ಅಂಗಿ.

ಗಾಳಿಯಾದ ಮೇಲೆ ಹುಲ್ಲಿನ ಸರದಿ. ಪಟ್ ಮಾಡುವಾಗ ಚೆಂಡು ಕುಳಿಗೆ ಎರಡಡಿ ದೂರದಲ್ಲೇ ನಿಂತರೆ, ತಪ್ಪು ಬರ್ಮುಡಾ ಹುಲ್ಲಿನ ಗೆರೆಯದು ಎಂದು ತೀರ್ಪಾಗುತ್ತದೆ. ಎಲೆಗಳು ಒಂದೇ ಕಡೆಗೆ ಬಾಗಿ ಬೆಳೆಯುವುದು, ಅದಕ್ಕೆ ಎದುರಾಗಿ ಉರುಳಿದ ಚೆಂಡು ನಿಧಾನವಾಗುವುದು ನಿಜ. ಆದರೆ ಈ ಬರ್ಮುಡಾ ಯಾರೆಂದು ನೋಡಿದರೆ ನಮ್ಮ ಗರಿಕೆಯೇ. ಗರಿಕೆಯನ್ನು ಆಫ್ರಿಕದ ಅದರ ದಾಯಾದಿಯೊಂದಿಗೆ ಕೂಡಿಸಿ ಬೆಳೆಸಿದ ತಳಿಗಳನ್ನು ಬಿಸಿನಾಡುಗಳ ಮೈದಾನಗಳಲ್ಲೆಲ್ಲ ಹಾಸುತ್ತಾರೆ. ಚೌತಿಯ ದಿನ ಗಣಪತಿಗೆ ಇಪ್ಪತ್ತೊಂದು ಎಣಿಸಿ ಏರಿಸಿದ ಗರಿಕೆ, ಫೆಬ್ರವರಿಯಲ್ಲಿ ಪರದೇಶಕ್ಕೆ ಹೋಗಿ ಭಕ್ತನ ಪಟ್ಟನ್ನೇ ತಡೆದರೆ ವಿಘ್ನೇಶ್ವರನ ಖಾತೆಯೇ ಅನುಮಾನಕ್ಕೆ ಬರುತ್ತದೆ. ಕಡಲಂಚಿನ ಕೆಲವು ಮೈದಾನಗಳಲ್ಲಿ ಉಪ್ಪುನೀರನ್ನೂ ಸಹಿಸುವ ಪಾಸ್ಪಾಲಮ್ ಹುಲ್ಲಿದೆ. ಅದರ ಮೇಲೆ ಚೆಂಡು ಇನ್ನೂ ಕಡಿಮೆ ಉರುಳುತ್ತದೆ, ರಾಯರ ನಾಲಿಗೆಯ ಮೇಲೆ ಅದರ ಹೆಸರು ಮಾತ್ರ ಚೆನ್ನಾಗಿ ಉರುಳುತ್ತದೆ. ಉಡ, ಮಿಂಚು, ಮಧ್ಯಾಹ್ನದ ಮಳೆ, ಒದ್ದೆಯಾಗಿ ಜಾರುವ ಗ್ಲೌಸು, ಕಾರಣಗಳಿಗೆ ಅಲ್ಲಿ ಬರವಿಲ್ಲ. ನಿಯಮದ ಪುಸ್ತಕವೂ ಒಂದಿಷ್ಟು ಕರುಣೆ ತೋರುತ್ತದೆ: ವಿಷದ ಹಾವಿನ ಪಕ್ಕದಲ್ಲೋ ಕಚ್ಚುವ ಜೇನಿನ ಪಕ್ಕದಲ್ಲೋ ಚೆಂಡು ನಿಂತರೆ ದಂಡವಿಲ್ಲದೆ ಬೇರೆ ಕಡೆ ಹಾಕಿಕೊಳ್ಳಬಹುದು. ಹೊಡೆತ ತಪ್ಪಿದ್ದಕ್ಕೆ ಮಾತ್ರ ಆ ಪುಸ್ತಕದಲ್ಲಿ ಪರಿಹಾರವಿಲ್ಲ.

ಇದೆಲ್ಲವನ್ನೂ ಮಾತಿಲ್ಲದೆ ನೋಡುತ್ತಿರುವವಳು ಕ್ಯಾಡಿ. ಥಾಯ್ಲೆಂಡಿನ ಬಹುತೇಕ ಮೈದಾನಗಳಲ್ಲಿ ತಲೆಗೊಬ್ಬ ಕ್ಯಾಡಿ ಕಡ್ಡಾಯ, ಹೆಚ್ಚಿನವರು ಹೆಂಗಸರು. ಬಿಸಿಲಿಗೆ ತುಂಬುತೋಳಿನ ಅಂಗಿ, ಅಗಲ ಟೋಪಿ, ಮುಖದ ಮೇಲೆ ಬಟ್ಟೆ. ರಾಯರ ಹೊಡೆತ ನಿಜವಾಗಿ ಎಷ್ಟು ದೂರ ಹೋಗುತ್ತದೆಂದು ಆಕೆಗೆ ಎರಡನೇ ಹೋಲಿಗೇ ತಿಳಿದಿರುತ್ತದೆ. ರಾಯರು 7 ನಂಬರಿನ ಕೋಲಿಗೆ ಕೈ ಚಾಚಿದರೆ ಆಕೆ 6 ಹಿಡಿದು ನಿಂತಿರುತ್ತಾಳೆ (ನಂಬರು ಇಳಿದಷ್ಟೂ ಚೆಂಡು ದೂರ ಹೋಗುವ ಕೋಲು). ಬೆಂಗಳೂರಿನ ಸಾಕ್ಷಿಗೂ ಹುವಾ ಹಿನ್ನಿನ ಸತ್ಯಕ್ಕೂ ನಡುವಿನ ಅಂತರ ಸರಿಯಾಗಿ ಒಂದು ನಂಬರು. ಸ್ವಾಭಿಮಾನದಿಂದ 7ನ್ನೇ ತೆಗೆದುಕೊಂಡು ಚೆಂಡನ್ನು ಮರಳುಗುಂಡಿಗೆ ಕಳಿಸಿದ ಮೇಲೂ ಆಕೆ ನಗುವುದಿಲ್ಲ. ಅವಳ ಟಿಪ್ಪು ಆ ಮುಖದ ಮೇಲಿನ ಬಟ್ಟೆಯನ್ನೂ ಅವಲಂಬಿಸಿದೆ.

ಹೊಸ ಕಾಲದ ಹಣದ ಹುಚ್ಚು ಇದೆಂದು ಬೈಯುವವರೂ ಇದ್ದಾರೆ. ಹಣದ ಮಾತು ಸರಿ, ಹೊಸ ಕಾಲದ್ದೆನ್ನುವುದು ಸರಿಯಲ್ಲ. ಕಲ್ಕತ್ತೆಯಲ್ಲಿ 1829ರಲ್ಲೇ ಗಾಲ್ಫ್ ಕ್ಲಬ್ಬು ಆರಂಭವಾಗಿತ್ತು, ಬೆಂಗಳೂರಿನದು 1876ರದು. ಕೋಲು ಹೊತ್ತು ಬಿಸಿನಾಡಿಗೆ ಬಂದ ಮೊದಲಿಗರು ಹಡಗಿನಲ್ಲಿ ಬಂದ ಬಿಳಿಯರು. ಹುವಾ ಹಿನ್ನಿನ ಮೈದಾನ 1924ರಲ್ಲಿ ರೈಲುನಿಲ್ದಾಣದ ಎದುರಿಗೇ ತೆರೆಯಿತು, ಆಡುವವರು ಕೋಲಿನ ಸಮೇತ ರೈಲಿಳಿದು ನೇರ ಹುಲ್ಲಿಗೆ ನಡೆಯಲೆಂದು. ಬ್ಯಾಂಕಾಕಿನ ಡಾನ್ ಮುವಾಂಗ್ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇಗಳ ನಡುವೆಯೇ ವಾಯುಪಡೆಯವರು 18 ಹೋಲಿನ ಮೈದಾನ ಮಾಡಿಕೊಂಡಿದ್ದರು. ರಾಯರ ಮಟ್ಟಿಗೆ ವಿಮಾನಯಾನದ ಇತಿಹಾಸ ಮುಟ್ಟಿದ ಶಿಖರ ಅದು. ನೀರಿನ ವಿಷಯದಲ್ಲಿ ಬೈದರೆ ನಾನೂ ದನಿಗೂಡಿಸುತ್ತೇನೆ. ಬೇಸಿಗೆಯಲ್ಲಿ ಊರಿನ ನಲ್ಲಿ ಕೆಮ್ಮುತ್ತಿರುವಾಗ ಹಸಿರು ಹುಲ್ಲಿಗೆ ಸಮಜಾಯಿಷಿ ಹುಡುಕುವುದು ಗಾಲ್ಫಿನ ಭಕ್ತರಿಗೂ ಕಷ್ಟ. ಆದರೆ ಆ ಪಾಪವನ್ನು ಬ್ಯಾಗಿನ ತಲೆಗೆ ಕಟ್ಟಲಾಗದು. ಬಾಡಿಗೆ ಕೋಲಿನಲ್ಲಿ ಆಡಿದರೂ ಹುಲ್ಲು ಅಷ್ಟೇ ನೀರು ಕುಡಿಯುತ್ತದೆ.

ಇಷ್ಟೆಲ್ಲ ಸಾಕ್ಷಿ ತಿರುಗಿಬಿದ್ದ ಮೇಲೆ ರಾಯರು ಪಾಠ ಕಲಿತು ಮುಂದಿನ ಸಲ ಬರಿಗೈಯಲ್ಲಿ ಹೋಗಬೇಕಲ್ಲವೇ ಎಂದು ಕೇಳಬಹುದು. ಹಾಗಾಗದಂತೆ ನೋಡಿಕೊಳ್ಳುವುದೂ ಅದೇ 900 ಮೀಟರು. ಹಿಂದಿರುಗಿದ ಮೊದಲ ಭಾನುವಾರ, ಊರಿನ ಮೊದಲ ಹೋಲಿನಲ್ಲಿ, ಪ್ರಸ್ಥಭೂಮಿ ತನ್ನ ಪಾಲನ್ನು ಸದ್ದಿಲ್ಲದೆ ಚೆಂಡಿಗೆ ಸೇರಿಸುತ್ತದೆ. ಒಂದು ವಾರ ಸೋತು ಬಂದ ಕಣ್ಣಿಗೆ ಆ ಏಳೆಂಟು ಗಜ ಇಪ್ಪತ್ತಾಗಿ ಕಾಣುತ್ತದೆ. "ನೋಡಿದ್ರಾ, ಅಲ್ಲಿ ಆಡಿದ್ದಕ್ಕೆ ಸ್ವಿಂಗು ಕುದುರಿತು" ಎನ್ನುತ್ತಾರೆ ರಾಯರು. ಉಳಿದ ಮೂವರಿಗೂ ಕುದುರಿರುವುದರಿಂದ ಎದುರಾಡುವವರಿಲ್ಲ. ಆಟ ಮುಗಿದು ಬಿಯರು ಬರುವ ಹೊತ್ತಿಗೆ ಮುಂದಿನ ಫೆಬ್ರವರಿಯ ತಾರೀಖು ಗೊತ್ತಾಗಿರುತ್ತದೆ, ಹೊಸದೊಂದು ಕೋಲನ್ನು ಆರ್ಡರ್ ಮಾಡಿಯೂ ಆಗಿರುತ್ತದೆ. ಹದಿನೈದಾಗುವಂತಿಲ್ಲವಾದ್ದರಿಂದ ಹಳೆಯದೊಂದು ಬ್ಯಾಗಿನಿಂದ ಇಳಿಯಬೇಕು. ಮೂವರೂ 3 ನಂಬರಿನ ಐರನ್ನಿನ ಹೆಸರು ಹೇಳುತ್ತಾರೆ. ರಾಯರು ಒಪ್ಪುವುದಿಲ್ಲ, ಅಲ್ಲಿನ ಗಾಳಿಗೆ ಅದು ಬೇಕಾಗಬಹುದಂತೆ.