ಐದಕ್ಕೆ ಯಾವ ಬಣ್ಣ?

ಜಮಖಂಡಿಯಲ್ಲಿ ಇಸ್ಪೀಟಿಗೆ ಎಂದೂ ಬರವಿಲ್ಲ. ಬರ ಇದ್ದದ್ದು ಚಿಲ್ಲರೆಗೆ. ರೊಕ್ಕ ಮುಟ್ಟದೆ ಆಡುವ ಮರ್ಯಾದಸ್ಥರ ಪಡಸಾಲೆಗಳಲ್ಲಿ ಲೆಕ್ಕಕ್ಕೆ ಹುಣಸೆಬೀಜ, ಬೆಂಕಿಕಡ್ಡಿ, ಶೇಂಗಾ ಇಡುತ್ತಿದ್ದರು. ಶೇಂಗಾಕ್ಕೊಂದು ದೋಷವಿತ್ತು. ಗೆದ್ದವನ ಬಂಡವಾಳ ಆಟ ಮುಗಿಯುವುದರೊಳಗೆ ಅವನ ಹೊಟ್ಟೆ ಸೇರಿರುತ್ತಿತ್ತು.

ಈ ಅರ್ಥವ್ಯವಸ್ಥೆಗೆ ಪೋಕರ್ ಚಿಪ್ಪು ಬಂದದ್ದು ಬೆಂಗಳೂರಿನ ಅಳಿಯನ ಬ್ಯಾಗಿನಲ್ಲಿ. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ, ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಗೆ ಬಾಗಿಲು ಹಾಕಿತಲ್ಲ, ಆಮೇಲೆ ಬೆರಳಿಗೆ ಕೆಲಸವಿಲ್ಲದೆ ಕೂತವರಲ್ಲಿ ಅವನೂ ಒಬ್ಬ. ದೀಪಾವಳಿಗೆ ಬಂದವನು ಡಬ್ಬಿ ತೆರೆದ. ಬಿಳಿ, ಕೆಂಪು, ನೀಲಿ, ಹಸಿರು, ಕಪ್ಪು. ಬೆಲೆ ಮಾತ್ರ ಒಂದರ ಮೇಲೂ ಅಚ್ಚಾಗಿರಲಿಲ್ಲ.

ಕಪ್ಪು ನೂರು ಎಂದಾಗ ಯಾರೂ ತಕರಾರು ತೆಗೆಯಲಿಲ್ಲ. ನೂರರ ಚಿಪ್ಪು ರಾತ್ರಿಗೆ ಒಂದೆರಡು ಸಲ ಕೈ ಬದಲಿಸಿದರೆ ಹೆಚ್ಚು. ಒಂದು, ಐದು, ಹತ್ತು ಹಾಗಲ್ಲ, ಪ್ರತಿ ಆಟಕ್ಕೂ ಎಲ್ಲರ ಕೈಯಲ್ಲೂ ಓಡಾಡುತ್ತವೆ. ಜಗಳಕ್ಕೆ ಯೋಗ್ಯವಾದದ್ದು ಚಿಲ್ಲರೆಯೇ.

ಬಿಳಿಯದನ್ನು ತೀರ್ಮಾನಿಸಿದವರು ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾಕಾ. "ಬಿಳೀದು ಒಂದ. ಅದಕ್ಕ ಬಣ್ಣಾನ ಹಾಕಿಲ್ಲ, ಕಿಮ್ಮತ್ತ ಎಲ್ಲಿಂದ ಬರಬೇಕು?" ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಸಿನೊ ನಿಯಮವೂ ಒಂದು ಡಾಲರಿಗೆ ಬಿಳಿ ಎಂದೇ ಹೇಳುತ್ತದೆ. ಅಲ್ಲಿ ಯಾವ ಬೆಲೆಗೆ ಯಾವ ಬಣ್ಣ ಎಂಬುದು ಸರಕಾರಿ ಕಾನೂನು: ಐದಕ್ಕೆ ಕೆಂಪು, ಇಪ್ಪತ್ತೈದಕ್ಕೆ ಹಸಿರು, ನೂರಕ್ಕೆ ಕಪ್ಪು. ಎರಡೂವರೆ ಡಾಲರಿಗೆಂದು ಒಂದು ಗುಲಾಬಿ ಚಿಪ್ಪೂ ಉಂಟು. ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಐದು ಕಟ್ಟಿ ಬ್ಲ್ಯಾಕ್‌ಜ್ಯಾಕನ್ನೇ ಹೊಡೆದವನಿಗೆ ಏಳೂವರೆ ಕೊಡಬೇಕಾಗುವುದರಿಂದ ಆ ಅರ್ಧದ ಉಪಚಾರ.

ಕೆಂಪು ಐದು ಎಂದದ್ದೇ ತಡ, ಕಾಕಾ ತಿರುಗಿಬಿದ್ದರು. ಇಳಕಲ್ ಸೀರೆಯ ಮೈ ಯಾವ ಬಣ್ಣದ್ದೇ ಇರಲಿ, ಟೋಪ್ ತೆನಿ ಸೆರಗು ಕೆಂಪು-ಬಿಳಿಯೇ. "ಸೆರಗಿನ ಬಣ್ಣಕ್ಕ ಐದ ರೂಪಾಯಿ? ಮನ್ಯಾಗ ಹೆಣ್ಮಕ್ಕಳ ಮುಂದ ಹೇಳ ನೋಡೂಣು." ಅಳಿಯ ಹೇಳಲಿಲ್ಲ, ಕಾನೂನು ನ್ಯೂಜೆರ್ಸಿಯದ್ದು ಎಂದು ಪಾರಾದ.

ನೀಲಿಗೆ ಬಂದಾಗ ನಿವೃತ್ತ ಬ್ಯಾಂಕ್ ಮಾಮಾ ಕನ್ನಡಕ ಏರಿಸಿಕೊಂಡರು. ಮನೆಯಾಟಗಳಲ್ಲಿ ನೀಲಿ ಹತ್ತು ಎಂಬುದು ಅಮೆರಿಕದ ರೂಢಿ. ರಿಸರ್ವ್ ಬ್ಯಾಂಕು 2017ರ ಆಗಸ್ಟಿನಲ್ಲಿ ಹೊರತಂದ ಐವತ್ತರ ನೋಟು ನೀಲಿ, ಬೆನ್ನಿಗೆ ಹಂಪಿಯ ಕಲ್ಲಿನ ರಥ. 2018ರ ಹತ್ತರ ನೋಟು ಚಾಕೊಲೇಟ್ ಕಂದು. "ಹಂಪಿ ರಥಾ ಹತ್ತಕ್ಕ ಇಳಸ್ತೀಯೇನಪಾ? ಕಂದು ಬಣ್ಣದ್ದು ತಾ." ಡಬ್ಬಿಯಲ್ಲಿ ಕಂದು ಇರಲಿಲ್ಲ. ಅಷ್ಟಕ್ಕೂ ಚಿಲ್ಲರೆಯ ವಿಷಯದಲ್ಲಿ ಸರಕಾರವನ್ನು ಪೂರ್ತಿ ನಂಬುವಂತಿಲ್ಲ. 2011ರ ಎರಡು ರೂಪಾಯಿ ನಾಣ್ಯವನ್ನು ಹಳೆಯ ಉಕ್ಕಿನ ಒಂದು ರೂಪಾಯಿಯಷ್ಟೇ ಅಗಲ, 25 ಮಿಲಿಮೀಟರ್, ಮಾಡಿಟ್ಟವರು ಅವರೇ. ಹತ್ತರ ನಾಣ್ಯದಲ್ಲಂತೂ ಎಷ್ಟು ವಿನ್ಯಾಸ ಬಂದವೆಂದರೆ ಅಂಗಡಿಯವರು ಮುಟ್ಟಲೊಲ್ಲದೆ, ಹದಿನಾಲ್ಕೂ ನಮೂನೆ ಚಾಲ್ತಿಯವೇ ಎಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಬೇಕಾಯಿತು.

ಕೇರಂ ಆಡಿ ಬಂದ ಹುಡುಗನೊಬ್ಬ ಇಣುಕಿ, ಪಾಯಿಂಟ್ ಆಟದಲ್ಲಿ ಕರಿಯದು ಹತ್ತು, ಬಿಳಿಯದು ಇಪ್ಪತ್ತು, ಕೆಂಪು ಐವತ್ತು ಅಲ್ಲವೇ, ಇಲ್ಲೇಕೆ ಎಲ್ಲ ಉಲ್ಟಾ ಎಂದ. ಅವನನ್ನು ಚಹಾ ತರಲು ಕಳಿಸಲಾಯಿತು.

ಅಷ್ಟರಲ್ಲಿ ಕರೆಂಟು ಹೋಗಿ ಚಾರ್ಜರ್ ಲೈಟು ಹತ್ತಿತು. ನೀಲಿಯೂ ಹಸಿರೂ ಒಂದೇ ಮಸುಕು. ದೊಡ್ಡ ಕ್ಯಾಸಿನೊಗಳ ಚಿಪ್ಪಿನ ಅಂಚಿಗೆ ಬೇರೆ ಬಣ್ಣದ ಪಟ್ಟಿ ಇರುವುದು ಬರೇ ಅಲಂಕಾರಕ್ಕಲ್ಲ. ಒಂದರ ಮೇಲೊಂದು ಪೇರಿಸಿಟ್ಟಾಗ ಕಾಣುವುದು ಅಂಚು ಮಾತ್ರ. ಐದರ ನಡುವೆ ನೂರು ನುಸುಳಿದರೆ ಕ್ಯಾಮೆರಾಕ್ಕೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಈ ಡಬ್ಬಿಯ ಚಿಪ್ಪುಗಳ ಅಂಚಿಗೆ ಎಲ್ಲಕ್ಕೂ ಒಂದೇ ಬಿಳಿ ಪಟ್ಟಿ. ಬಣ್ಣದ ಕಾಕಾ ಒಂದು ನೀಲಿ, ಒಂದು ಹಸಿರು ಕೈಗೆತ್ತಿಕೊಂಡು ಲೈಟಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು, ನೂಲಿನ ಲಡಿ ನೋಡುವ ಗತ್ತಿನಲ್ಲಿ ನೀಲಿಯನ್ನು ಡಬ್ಬಿಗೆ ವಾಪಸು ಹಾಕಿಬಿಟ್ಟರು. ಹತ್ತು ರದ್ದು.

ಉಳಿದದ್ದು ಒಂದು, ಐದು, ಇಪ್ಪತ್ತೈದು, ನೂರು. ಇಪ್ಪತ್ತೈದೆಂಬ ಈ ವಿಚಿತ್ರ ಲೆಕ್ಕ ಎಲ್ಲರಿಗೂ ಹೇಗೆ ತಿಳಿಸುವುದೆಂದು ಅಳಿಯ ಚಿಂತೆಗೆ ಬಿದ್ದಿದ್ದ. ಮಾಮಾ ಹಸಿರನ್ನು ನೋಡಿ ಒಂದೇ ಮಾತಿಗೆ, "ಚಾರಾಣೆ ಅಲ್ಲೇನಪಾ" ಎಂದರು. ಇಪ್ಪತ್ತೈದು ಪೈಸೆಯ ನಾಣ್ಯ 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಗಿದ್ದರೂ ಲೆಕ್ಕ ಆ ತಲೆಗಳಿಂದ ಹೋಗಿರಲಿಲ್ಲ. ಕಪ್ಪು ರೂಪಾಯಿಯಾಯಿತು, ಬಿಳಿ ಪೈಸೆಯಾಯಿತು, ಆಟ ಓಡತೊಡಗಿತು.

ಈಗ ತೊಂದರೆಯೆಲ್ಲ ಅಳಿಯನದು. "ಬಾರಾಣೆ ಏರಿಸೀನಿ" ಎಂದು ಕಾಕಾ ಕೂಗಿದಾಗ ಮೂರು ಹಸಿರು ಹಾಕಬೇಕೋ ಹನ್ನೆರಡು ಬಿಳಿಯೋ ಎಂದು ಅವನು ಮೊಬೈಲು ತೆಗೆಯುತ್ತಾನೆ.