ಎರಡು ಹೊಳ್ಳೆಗೆ ಒಂದೇ ನಂಬರು

ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಓಣಿಯಲ್ಲಾದರೂ ಸರಿ, ಹಗಲು ಹನ್ನೆರಡಾದರೂ ಕಿಟಕಿ ತೆರೆಯದ ಕೋಣೆಯೊಂದು ಕಂಡರೆ ಒಳಗೆ ಮಲಗಿರುವವನು ಮೆಡಿಕಲ್ ಕೋಡರ್ ಎಂದು ಧೈರ್ಯವಾಗಿ ಊಹಿಸಬಹುದು. ಬಿ.ಫಾರ್ಮಾನೋ ಬಿ.ಎಸ್ಸಿ.ಯೋ ಮುಗಿಸಿ, ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೋಡಿಂಗ್ ಕಲಿತು, ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಸಮೇತ ಊರು ಸೇರಿದವನು. ಅಮೆರಿಕದ ವೈದ್ಯರು ಬರೆದ ಟಿಪ್ಪಣಿಗಳನ್ನು ರಾತ್ರಿಯಿಡೀ ಓದಿ, ಅವರು ಮಾಡಿದ ಒಂದೊಂದು ಕೆಲಸಕ್ಕೂ ಐದಂಕಿಯ ನಂಬರು ಹಚ್ಚುವುದು ಅವನ ಕಾಯಕ. ಹುಕ್ಕೇರಿಯಲ್ಲಾದರೆ ಅದಕ್ಕೆ ಕರೆಂಟು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು; ಕಬ್ಬಿನ ಗದ್ದೆಯ ಪಂಪ್‌ಸೆಟ್ಟೂ ಅಮೆರಿಕದ ಬಿಲ್ಲೂ ಒಂದೇ ತಂತಿಯ ಮೇಲೆ ಬದುಕುತ್ತವೆ. ಡಾಕ್ಟರನೂ ಅಲ್ಲದ, ಕಂಪೌಂಡರನೂ ಅಲ್ಲದ ಈ ಮನುಷ್ಯ, ಓಣಿಯಲ್ಲಿ ಯಾರು ಕೆಮ್ಮಿದರೂ ಮೊದಲು ಬಾಯಿ ಹಾಕುತ್ತಾನೆ.

ಬಾಯಿ ಹಾಕಿದರೂ ಮದ್ದು ಹೇಳುವುದಿಲ್ಲ, ಲೆಕ್ಕ ಕೇಳುತ್ತಾನೆ. ಮದುವೆಯ ಪಂಕ್ತಿಯಲ್ಲಿ ಯಾರೋ ಮೂಗು ಕಟ್ಟಿದೆ ಎಂದರೆ ಸಾಕು, “ಒಂದ ಹೊಳ್ಳಿಯೋ, ಎರಡೂನೋ?” ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಪಾಠ ಶುರು. ಕ್ಯಾಮೆರಾ ನಳಿಗೆಯಿಂದ ಮೂಗಿನೊಳಗೆ ಬರೀ ನೋಡಿದರೆ 31231. ಒಂದು ಹೊಳ್ಳೆ ನೋಡಲಿ, ಎರಡೂ ನೋಡಲಿ, ದುಡ್ಡು ಒಂದೇ. ಅದೇ ನಳಿಗೆಯಿಂದ ಪಾಲಿಪ್ ಕಿತ್ತರೆ 31237. ಇದು ಒಂದು ಬದಿಯ ಲೆಕ್ಕ, ಎರಡೂ ಬದಿ ಕಿತ್ತರೆ ಬಾಲಕ್ಕೆ 50 ಎಂಬ ಮಾಡಿಫೈಯರ್. ಆಗ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಕೊಡುವುದು ಎರಡರಷ್ಟಲ್ಲ, ಒಂದೂವರೆಯಷ್ಟು. ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುವುದು ನಿಜ. ಆದರೆ ತುಪ್ಪ ಇಳಿದ ಮೇಲೆ ಯೋಚಿಸಿದರೆ ಅದರಲ್ಲಿ ನ್ಯಾಯ ಕಾಣುತ್ತದೆ: ಎರಡನೆಯ ಬದಿಗೆ ಹೊಸದಾಗಿ ಮೇಜು ಸಜ್ಜು ಮಾಡಬೇಕಿಲ್ಲ, ರೋಗಿಯನ್ನು ಮತ್ತೆ ಮಲಗಿಸಬೇಕಿಲ್ಲ, ಪೂರ್ತಿ ಕೂಲಿ ಯಾಕೆ? ಶೇಂಗಾ ಬೀಜ ಶ್ವಾಸನಾಳಕ್ಕೆ ಇಳಿದ ಮಗುವಿನ ಮಾತೂ ಹಾಗೆಯೇ. ಬ್ರಾಂಕೋಸ್ಕೋಪ್ ಇಳಿಸಿ ಅದನ್ನು ತೆಗೆದರೆ 31635. ತೆಗೆಯುವ ಮುನ್ನ ಒಳಗೆಲ್ಲ ಕಣ್ಣಾಡಿಸಿದ್ದಕ್ಕೆ 31622 ಎಂದು ಬೇರೆ ಬಿಲ್ಲು ಹಾಕುವಂತಿಲ್ಲ. “ನೋಡದ ಹೆಂಗ ತೆಗೀತಾರ್ರೀ?” ಎನ್ನುತ್ತಾನೆ. ಉತ್ತರ ಯಾರಲ್ಲೂ ಇರುವುದಿಲ್ಲ.

ಜೀವದ ಸಂಕಟವನ್ನು ನಂಬರಿಗೆ ಇಳಿಸುವುದು ಕಟುಕತನ ಎನ್ನುವವರಿದ್ದಾರೆ. ನಂಬರಿಲ್ಲದಿದ್ದರೂ ಬಿಲ್ಲೇನು ತಪ್ಪುವುದಿಲ್ಲ; ಯಾವುದಕ್ಕೆಷ್ಟು ಎಂದು ಕೇಳುವ ದಾರಿ ಮಾತ್ರ ತಪ್ಪುತ್ತದೆ. ಅದು ಅಮೆರಿಕದ ತಾಪತ್ರಯ, ನಮ್ಮದು ಪ್ಯಾಕೇಜು ಎನ್ನುವ ಆಕ್ಷೇಪಕ್ಕೆ ತೂಕವಿದೆ, ಪೂರ್ತಿ ತೂಕವಿಲ್ಲ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯೂ ಅಕ್ಷರ, ಅಂಕಿಯ ಮೇಲೆಯೇ ನಿಂತಿದೆ. 3ಎ ಗುಂಪಿನ ಚಿಕಿತ್ಸೆ ಎಂದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. 4ಎ ಎಂದರೆ ತುರ್ತು, ಚೀಟಿ ಬೇಡ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಆಸರೆಯಿದ್ದರೂ, ಬೆಳಗಾವಿಯ ಕೌಂಟರಿನೆದುರು ನಿಂತವರು ಸೋಲುವುದು ಈ ಒಂದಂಕಿಯ ಅಂತರದಲ್ಲಿ. ಕೋಡರನ ಮೇಲೆ ನಿಜವಾದ ತಕರಾರು ಇರುವುದು ಇಲ್ಲಿ: ಫ್ಲೋರಿಡಾದ ಮುದುಕನ ಎಡ ಹೊಳ್ಳೆ, ಬಲ ಹೊಳ್ಳೆ ಬೇರೆ ಬೇರೆ ಬಲ್ಲ ಇವನಿಗೆ, ತನ್ನ ಅವ್ವನ ಆರೋಗ್ಯ ಕಾರ್ಡು ಯಾವ ಟ್ರಂಕಿನಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಪಾಪ, ಅದನ್ನು ಕೇಳಲು ಅವನಿಗೆ ಯಾರೂ ಡಾಲರು ಕೊಟ್ಟಿಲ್ಲ.

ಈಗ ಕಂಪ್ಯೂಟರೇ ಕೋಡ್ ಹಚ್ಚುತ್ತದಂತೆ ಎಂಬ ಸುದ್ದಿ ಅವನ ಹಗಲು ನಿದ್ದೆಯನ್ನೂ ಕೆಡಿಸಿದೆ. ಹಾಗೇನಾದರೂ ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಯೋಜನೆಯ ದಾರಿ ತೋರುವ ಆರೋಗ್ಯಮಿತ್ರರ ಪಕ್ಕ ಅವನಿಗೊಂದು ಕುರ್ಚಿ ಹಾಕಿಕೊಡಬೇಕು. ಮೊದಲ ದಿನವೇ ಪಾಳಿಯಲ್ಲಿ ನಿಂತ ಒಬ್ಬೊಬ್ಬರನ್ನೂ “ಎಡಕ್ಕೋ, ಬಲಕ್ಕೋ, ಎರಡೂ ಕಡೆಗೋ?” ಎಂದು ಕೇಳಿ ಪಾಳಿಯನ್ನು ಬಸ್‌ಸ್ಟ್ಯಾಂಡಿನ ತನಕ ಬೆಳೆಸಿಯೇ ತೀರುತ್ತಾನೆ. ಅಷ್ಟನ್ನು ತಾಳಿಕೊಳ್ಳಬಹುದು.